ಕಾಲರ್ ಹೊಲಿಯುವ ಹಾಡು

"ಇದೂ ಬೇಡ ಕಣೇ, ಬೇರೆ ಆ್ಯಪ್ ಹಾಕ್ಕೊಡು."

"ಅತ್ತೆ, ಹೋದ ತಿಂಗಳು ತಾನೇ ಇದಕ್ಕೆ ಬಂದಿದ್ದು."

"ಬಂದ್ರೆ? ಇದರ ಜೊತೆ ಸಂಸಾರ ಮಾಡ್ಬೇಕಾ?"

ಅತ್ತೆ ಟೈಲರ್. ಹಾಡಿಲ್ಲದೆ ಅವಳ ಕಾಲು ಮೆಷಿನ್ ತುಳಿಯುವುದೇ ಇಲ್ಲ, ಒಂದೊಂದು ಹೊಲಿಗೆಗೆ ಒಂದೊಂದು ಹಾಡು, ಉದ್ದ ಹೊಲಿಗೆಗೆ ಓಡುವ ಹಾಡು, ಕಾಲರ್‌ಗೆ ಮಾತ್ರ ನಿಧಾನದ ಒಂದು ಹಳೆಯ ಹಾಡು. ಕ್ಯಾಸೆಟ್ ಹೋಗಿ ಫೋನ್ ಬಂದಮೇಲೆ ಯಾವ ಆ್ಯಪ್‌ನಲ್ಲೂ ಅವಳು ನೆಟ್ಟಗೆ ಕೂತವಳಲ್ಲ. ಮೊದಲನೆಯದು ಹೊಲಿಗೆಯ ನಡುವೆ ಜಾಹೀರಾತು ಕೂಗಿತೆಂದು ಬಿಟ್ಟಳು, ಎರಡನೆಯದು ಕೇಳದ ಹಾಡುಗಳನ್ನೆಲ್ಲ ತಂದು ಅಧಿಕಪ್ರಸಂಗ ಮಾಡಿತೆಂದು ಬಿಟ್ಟಳು, ಮೂರನೆಯದನ್ನು ಯಾಕೆ ಬಿಟ್ಟಳೋ ಅವಳಿಗೇ ನೆನಪಿಲ್ಲ. ಪ್ರತಿ ಸಲವೂ ಗಂಟುಮೂಟೆ ಕಟ್ಟಿ ಅವಳ ಹಾಡುಗಳನ್ನು ಹೊಸ ಆ್ಯಪ್‌ಗೆ ಸಾಗಿಸುವವಳು ನಾನು.

ಹೋದ ತಿಂಗಳು ಸಾಗಿಸುವಾಗ ಎಡವಟ್ಟಾಗಿತ್ತು. ಈ ನಾಲ್ಕನೆಯ ಆ್ಯಪ್‌ನಲ್ಲಿ ಕಾಲರ್ ಹಾಡು ಇಲ್ಲದೆ ಅದರ ಜಾಗಕ್ಕೆ ಅದೇ ಹಾಡಿನ ಡಿಸ್ಕೋ ಅವತಾರ ಬಂದು ಕೂತಿತ್ತು, ಕಾಲರ್ ಕೆಲಸ ಬರುವವರೆಗೆ ಅದು ಗೊತ್ತಾಗಲಿಲ್ಲ, ಇವತ್ತು ಬೆಳಿಗ್ಗೆ ಅತ್ತೆಯ ಕಾಲು ಅದರ ಹಿಂದೆ ಓಡಿತ್ತು, ಹೋಟೆಲ್‌ನವರಿಗೆ ತೋರಿಸಬೇಕಾದ ಸಮವಸ್ತ್ರದ ಕಾಲರ್ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಸಂಜೆ ಮ್ಯಾನೇಜರ್ ಬರುತ್ತಾರೆ. ಸ್ಯಾಂಪಲ್ ಒಪ್ಪಿಗೆಯಾಗದಿದ್ದರೆ ಇಡೀ ಆರ್ಡರ್ ಎದುರು ಅಂಗಡಿಯವನ ಪಾಲು.

"ಬಿಚ್ಚಿ, ಹಾಡಿಲ್ದೇ ಮತ್ತೆ ಹೊಲಿದುಬಿಡು ಅತ್ತೆ."

"ನೀನು ಫೋನಿಲ್ದೇ ಊಟ ಮಾಡು, ನೋಡೋಣ."

"ಹಾಗಾದ್ರೆ ಹಳೇ ಆ್ಯಪ್‌ಗೇ ವಾಪಸ್ ಹೋಗೋಣ."

"ಬಿಟ್ಟ ಮನೆಗೆ ನಾನು ಮತ್ತೆ ಕಾಲಿಡಲ್ಲ."

ಸರಿ, ಐದನೆಯ ಆ್ಯಪ್ ಹಾಕಿ ಹುಡುಕಿದೆ, ಹುಡುಕಿದೆ, ಅಷ್ಟು ಹೊತ್ತೂ ಅವಳು ಅಳತೆ ಟೇಪು ಸುತ್ತಿ, ಬಿಚ್ಚಿ, ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದು ನನ್ನ ತಲೆ ತಿಂದಳು.

"ಹಳೇದು ಇದರಲ್ಲೂ ಇಲ್ಲ, ಅದನ್ನೇ ವೇದಿಕೆ ಮೇಲೆ ಹಾಡಿದ್ದು ಒಂದಿದೆ ಅತ್ತೆ. ನಿಧಾನವಾಗೇ ಇದೆ, ಆದ್ರೆ ಮಧ್ಯೆ ಚಪ್ಪಾಳೆ."

"ಮುಳುಗೋಳಿಗೆ ಹುಲ್ಲುಕಡ್ಡಿನೇ ಆಸರೆ. ಹಾಕು."

ಕಾಲು ತುಳಿಯತೊಡಗಿತು. ಸೂಜಿ ಕಾಲರಿನ ಚೂಪು ಮೂಲೆಗೆ ಬರುವುದಕ್ಕೂ ಚಪ್ಪಾಳೆ ಬೀಳುವುದಕ್ಕೂ ಸರಿಹೋಯಿತು; ಅತ್ತೆ ಕಾಲು ನಿಲ್ಲಿಸಿದಳು, ಬಟ್ಟೆ ತಿರುವಿದಳು, ಜನ ಸುಮ್ಮನಾಗುವವರೆಗೆ ಕಾದು ಮತ್ತೆ ತುಳಿದಳು. ನಾನು ಉಸಿರು ಬಿಟ್ಟಿದ್ದು ಅವಳು ದಾರ ಕತ್ತರಿಸಿದ ಮೇಲೆಯೇ.

ಮ್ಯಾನೇಜರ್ ಎರಡೂ ತುದಿಗಳನ್ನು ಜೋಡಿಸಿ ನೋಡಿ, "ಉಳಿದವೂ ಹೀಗೇ ಇರಲಿ" ಎಂದು ಹೊರಟರು. ನನಗೆ ಅಂಗಡಿಯಲ್ಲೇ ಕುಣಿಯುವಷ್ಟು ಖುಷಿ. ಅತ್ತೆಯ ಬೆರಳು ಮಾತ್ರ ಆಗಲೇ ಫೋನಿನ ಮೇಲೆ ಚಡಪಡಿಸುತ್ತಿತ್ತು.

"ಇದರಲ್ಲಿ ಗುಂಡಿ ಹಾಕೋ ಹಾಡು ಸ್ವಲ್ಪ ಕೀರಲು ಅನ್ಸಲ್ವಾ?"

"ಕಾಲರ್‌ಗಳೆಲ್ಲ ಮುಗಿಯೋ ತನಕ ಇದನ್ನ ಮುಟ್ಬೇಡ ಅತ್ತೆ."

"ಶನಿವಾರಕ್ಕೆ ಮುಗಿಸಿಬಿಡ್ತೀನಿ. ಭಾನುವಾರ ಬೆಳಿಗ್ಗೆನೇ ಬಾ, ಬೇರೆ ಯಾವುದಾದ್ರೂ ನೋಡೋಣ."