ಸಣ್ಣ ದನಿ ಸಾಯುವ ಪೆಟ್ಟಿಗೆ

ಆ ದಿನಗಳಲ್ಲಿ ನನಗೆ ಹತ್ತು ವರ್ಷ, ನನ್ನ ಚಿಂತೆಗಳಿಗೆ ಅರವತ್ತು. ರವಿವಾರ ಮುಂಜಾನೆ ಟಿಕೋಟಾದ ಮನೆಯಲ್ಲಿ ಅಪ್ಪ ದೂರದೂರಿನ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹಚ್ಚಿದರೆ ಏನೇನು ಆಗಬಹುದಿತ್ತು: ಅಪ್ಪನಿಗೆ ಕರೆಂಟು ಹೊಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟು ಮನೆಗೆ ಬೆಂಕಿ ಹತ್ತಬಹುದು, ಮಾಳಿಗೆಯ ಏರಿಯಲ್ ತಂತಿ ಎಮ್ಮೆಯ ಕೊರಳಿಗೆ ಬೀಳಬಹುದು, ಪಕ್ಕದ ಮನೆಯ ಟಿವಿಯ ಚಿತ್ರ ಕುಣಿದು ಅವರು ಜಗಳಕ್ಕೆ ಬರಬಹುದು. ಸೆಟ್ಟಿನೊಳಗೆ ಕಾದ ಗಾಜಿನ ವಾಲ್ವಿನ ಧೂಳುವಾಸನೆ ಬಂದರೆ ಸಾಕು, ನಾನು ತಂಬಿಗೆ ನೀರು ಹಿಡಿದು ಕಾವಲು ಕೂಡುತ್ತಿದ್ದೆ. ಕರೆಂಟಿನ ಬೆಂಕಿಗೆ ನೀರು ಸುರಿಯಬಾರದೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪನಿಗೂ ಬಬಲೇಶ್ವರದ ದೊಡ್ಡಪ್ಪನಿಗೂ ಜಗಳವಾದದ್ದು ಇಬ್ಬರೂ ಕೂಡಿ ಕಟ್ಟಿದ ಆಂಪ್ಲಿಫೈಯರಿನ ಮೇಲೆ. ಅದು ಸಿ ವರ್ಗದ್ದು. ಅಕ್ಷರಗಳನ್ನು ಸಂಕೇತವಾಗಿ ಕುಟ್ಟುವ ಮೋರ್ಸ್ ಕೀಲಿಯ ಟಕ್ಕುಟಕ್ಕನ್ನು ಜೋರಾಗಿ ದೂರ ಒಯ್ಯುತ್ತಿತ್ತು. ಅಪ್ಪ ಅದಕ್ಕೆ ಮೈಕಿನ ಮಾತನ್ನೂ ಕೊಡಲು ಹೊರಟ.

"ಲೇ, ಇದು ಕೀಲಿಗಷ್ಟ. ಮಾತಿಗೆ ಲೀನಿಯರ್ ಬೇಕು, ಸಣ್ಣದು ದೊಡ್ಡದು ಎಲ್ಲಾ ಸರಿಸಮ ಬೆಳಸೂವಂಥಾದ್ದು. ಇದರಾಗ ಸಣ್ಣ ದನಿ ಸಾಯ್ತದ," ಎಂದ ದೊಡ್ಡಪ್ಪ.

"ನಿನಗ ಹೊಟ್ಟಿಕಿಚ್ಚು, ಅಣ್ಣಾ."

"ಹಾಂಗಾರ ನಿನ್ನ ಡಬ್ಬಿ ನೀನ ತಬ್ಕೊಂಡ ಮಲಕೊ."

ಆಮೇಲೆ ಆರು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಆದರೂ ರವಿವಾರ ತಮ್ಮ ತಮ್ಮ ಸೆಟ್ಟಿನ ಕೀಲಿಯಲ್ಲಿ ಸಿಗ್ನಲ್ ಹೇಗಿದೆ ಎಂದಷ್ಟೇ ಕುಟ್ಟಿ ಮುಗಿಸುವರು. ತಪ್ಪಿಸಿದರೆ ತನ್ನ ಸೆಟ್ಟು ಕೆಟ್ಟಿದೆ ಎಂದು ಇನ್ನೊಬ್ಬ ನಕ್ಕಾನು ಎಂಬ ಹಟ.

ಎಳ್ಳಮಾಸಿ ಹತ್ತಿರ ಬಂತು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬ. ಅದರ ಹಿಂದಿನ ರವಿವಾರ ಅಪ್ಪನ ತಾಯಿ, ನಮ್ಮ ಆಯಿ, ಆ ಡಬ್ಬಿಗೇ ಜೋಡಿಸಿದ್ದ ಮೈಕು ಕಸಿದುಕೊಂಡು ದೊಡ್ಡಪ್ಪನನ್ನು ಬೈದಳು.

"ಯಾಕೋ, ಭಾಳ ಶ್ಯಾಣ್ಯಾ ಆದೇನು? ತಾಯಿ ಇದ್ದಾಳೋ ಸತ್ತಾಳೋ ನೋಡಾಕ ಬಂದಿಲ್ಲ. ನಾಚಿಗಿ ಇಲ್ಲೇನ್ ನಿನಗ?"

ದನಿ ಹೊರಗೆ ಹೋಗುವುದನ್ನು ತೋರಿಸುವ ಮೀಟರಿನ ಮುಳ್ಳು ಎಗರಿ ಎಗರಿ ಬಿತ್ತು. ಆಮೇಲೆ ಆಯಿಯ ದನಿ ಇಳಿಯಿತು.

"ಬಾ ಯಪ್ಪಾ. ಸಜ್ಜಿ ರೊಟ್ಟಿ ಮಾಡ್ತೇನಿ. ನೀ ಬರೂತನಾ ನಾ ಉಣ್ಣೂದಿಲ್ಲ."

ಮುಳ್ಳು ಅಲ್ಲಾಡಲೇ ಇಲ್ಲ.

ದೊಡ್ಡಪ್ಪನ ಕೀಲಿಯ ಉತ್ತರವನ್ನು ಅಪ್ಪ ಅಕ್ಷರ ಅಕ್ಷರ ಬರೆದುಕೊಂಡ: ಬೈಗಳು ಮುಟ್ಟಿದವು. ಬರುವುದಿಲ್ಲ.

"ಅಪ್ಪಾ, ಆಯಿ ಕಡೀ ಮಾತು ದೊಡ್ಡಪ್ಪಗ ಕೇಳೇ ಇಲ್ಲ. ಕೀಲಿ ಮ್ಯಾಲ ಹೇಳು," ಎಂದೆ.

"ಸುಮ್ಮ ಕೂಡು."

ಕುಟ್ಟಿ ಹೇಳಿದರೆ ಅಣ್ಣನ ಮಾತೇ ಖರೆ ಎಂದು ಒಪ್ಪಿದಂತೆ. ಅಪ್ಪ ಸೆಟ್ಟು ಆರಿಸಿದ.

ಹಬ್ಬದ ದಿನ ಆಯಿ ಬದುವಿನ ಮೇಲೆ ಬಬಲೇಶ್ವರದ ದಾರಿ ನೋಡುತ್ತ ಸಂಜೆತನಕ ಉಣ್ಣದೆ ಕೂತಳು. ಅಣ್ಣತಮ್ಮಂದಿರು ಮತ್ತೆಂದೂ ಒಂದು ಪಂಕ್ತಿಯಲ್ಲಿ ಕೂಡಲಿಲ್ಲ.

ಈಗ ವಿಜಯಪುರದ ನನ್ನ ಮನೆಯಲ್ಲಿ ಒಳ್ಳೆಯ ಲೀನಿಯರ್ ಇದೆ. ಪಿಸುಮಾತು ಪಿಸುಮಾತಾಗಿಯೇ ಹೋಗುತ್ತದೆ. ಅಪ್ಪ, ದೊಡ್ಡಪ್ಪ, ಆಯಿ, ಆ ಮೂವರಲ್ಲಿ ಒಬ್ಬರೂ ಈಗಿಲ್ಲ. ಅಂದು ತಂತಿ ಬೀಳಲಿಲ್ಲ, ಬೆಂಕಿ ಹತ್ತಲಿಲ್ಲ, ನನ್ನ ತಂಬಿಗೆಯ ನೀರು ಹಾಗೇ ಉಳಿಯಿತು. ಕೆಟ್ಟದ್ದು ಒಂದೇ: ಆಯಿಯ ಸಣ್ಣ ದನಿ ಟಿಕೋಟಾ ದಾಟಲಿಲ್ಲ.