ನನ್ನ ಸನ್ಮಾನಕ್ಕೆ ನನ್ನದೇ ಅಡುಗೆ

ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಒಳ್ಳೆಯ ಗುಣವಲ್ಲವೆಂದು ನಮ್ಮವರು ಆಗಾಗ ಬುದ್ಧಿ ಹೇಳುತ್ತಾರೆ. ಹೇಳುವ ಮೊದಲು ಅವರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಮ್ಮವರೆಂದರೆ ನನ್ನ ಯಜಮಾನರು, ಸುಳ್ಯ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ನಾನು ಅದೇ ಪೇಟೆಯ ಶಾಲೆಯಲ್ಲಿ ಟೀಚರು. ದಿನವಿಡೀ ಮಾತಾಡಿಯೇ ಸಂಬಳ ತೆಗೆದುಕೊಳ್ಳುವವಳಿಗೆ ಮಾತಿನ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನನ್ನ ನಲವತ್ತನೆಯ ಹುಟ್ಟುಹಬ್ಬದ ಕತೆ ಹೇಳುತ್ತೇನೆ. ಕೇಳಿದ ಮೇಲೂ ಸಿಟ್ಟು ಬಾರದಿದ್ದರೆ ನೀವು ಗಂಡಸರೇ ಇರಬೇಕು.

ಹುಟ್ಟುಹಬ್ಬ ಎನ್ನುವುದು ನಮ್ಮ ಕಡೆ ಬೆಳೆದ ಬೆಳೆಯಲ್ಲ. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪನನ್ನು ಹುಟ್ಟಿದ ತಾರೀಕು ಕೇಳಿದರೆ, "ನೀವೇ ಒಂದು ಹಾಕಿ ಮಾರಾಯ್ರೆ" ಎನ್ನುತ್ತಾನೆ. ಹೆಡ್‌ಮಾಸ್ಟ್ರು ಒಂದು ಹಾಕುತ್ತಾರೆ. ಹೀಗೆ ನಮ್ಮ ಶಾಲೆಯ ಅರ್ಧ ಮಕ್ಕಳು ಜೂನ್ ತಿಂಗಳ ಮೊದಲ ದಿನವೇ ಹುಟ್ಟಿದ್ದಾರೆ. ನನ್ನ ದಿನ ಮಾತ್ರ ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಅದು ತುಳುವರ ಪಗ್ಗು ತಿಂಗಳ ಹದಿನೆಂಟು, ಗದ್ದೆಗೆ ಬಿತ್ತು ಹಾಕುವ ದಿನ. ಬಿತ್ತದ ಬುಟ್ಟಿ ಕೆಳಗಿಟ್ಟು ಒಳಗೆ ಹೋದ ಅಮ್ಮ ನನ್ನನ್ನು ಹೆತ್ತಳಂತೆ. ಬಿತ್ತನೆ ಅರ್ಧಕ್ಕೆ ನಿಂತಿತೆಂದು ಅಜ್ಜಿ ಸಾಯುವವರೆಗೂ ದೂರುತ್ತಿದ್ದರು. ಅವರಿಗೆ ನೆನಪಿದ್ದದ್ದು ಬಿತ್ತನೆ. ಅದರ ಬದಿಯಲ್ಲಿ ನಾನೂ ಒಂದಿಷ್ಟು ಉಳಿದುಕೊಂಡೆ.

ಪುರಾಣದಲ್ಲೇನೂ ಹುಟ್ಟುಹಬ್ಬಗಳಿಗೆ ಕೊರತೆಯಿಲ್ಲ. ರಾಮನಿಗೆ ನವಮಿ, ಕೃಷ್ಣನಿಗೆ ಅಷ್ಟಮಿ, ಗಣಪತಿಗೆ ಚೌತಿ. ರಾಮನವಮಿಗೆ ನಾವೆಲ್ಲ ಪಾನಕ ಕುಡಿಯುತ್ತೇವೆ, ಕೋಸಂಬರಿ ತಿನ್ನುತ್ತೇವೆ. ಹೆತ್ತು ಮಲಗಿದ ಕೌಸಲ್ಯೆಗೆ ಒಂದು ಬಟ್ಟಲು ಬಿಸಿ ಗಂಜಿ ಯಾರಾದರೂ ಕೊಟ್ಟರೇ ಎಂದು ಯಾವ ಪುರಾಣಿಕನೂ ಹೇಳುವುದಿಲ್ಲ. ಸೀತೆ ಹುಟ್ಟಿದ ದಿನ ಯಾವುದು ಎಂದು ನಮ್ಮ ಶಾಲೆಯ ಪಂಡಿತರನ್ನು ಒಮ್ಮೆ ಕೇಳಿದ್ದೆ. "ಅವಳು ನೇಗಿಲ ಗೆರೆಯಲ್ಲಿ ಸಿಕ್ಕಿದ್ದಲ್ವಾ ಟೀಚರೇ" ಎಂದರು. ಸಿಕ್ಕಿದ ದಿನಕ್ಕೂ ಒಂದು ತಿಥಿ ಇರಬೇಕಲ್ಲ ಎಂದೆ. ಪಂಡಿತರಿಗೆ ಇದ್ದಕ್ಕಿದ್ದಂತೆ ತರಗತಿಯ ನೆನಪಾಯಿತು.

ಇರಲಿ. ನನ್ನ ಹುಟ್ಟಿದ ದಿನಕ್ಕೆ ಒಂದು ಬೆಲೆ ಬಂದದ್ದು ಇಬ್ಬರು ಗೆಳತಿಯರಿಂದ. ನನ್ನ ಕೊನೆಯ ಹೆರಿಗೆಗೆ ಪುತ್ತೂರಿನ ಆಸ್ಪತ್ರೆಗೆ ಸೇರಿದ್ದಾಗ ಒಂದು ಬದಿಯ ಮಂಚದಲ್ಲಿ ಮರ್ಕಂಜದ ದೇವಕ್ಕ, ಇನ್ನೊಂದು ಬದಿಯಲ್ಲಿ ಏಲಿಯಮ್ಮ. ದೇವಕ್ಕ ಅರೆಭಾಷೆ ಮಾತಾಡುವ ಒಕ್ಕಲು ಮನೆಯವಳು, ದನಿ ಸಣ್ಣದು, ಕೆಲಸ ದೊಡ್ಡದು. ಏಲಿಯಮ್ಮ ಕೇರಳದಿಂದ ಬಂದು ಕಡಬದ ಆಚೆ ಕಾಡು ಕಡಿದು ರಬ್ಬರ್ ನೆಟ್ಟ ಮನೆಯವಳು, ಅವಳ ದನಿಗೆ ಮೈಕು ಬೇಡ. ಮೂವರ ಮನೆಯಿಂದಲೂ ಬುತ್ತಿ ಬರುತ್ತಿತ್ತು, ಮೂವರೂ ಹಂಚಿ ತಿಂದೆವು. ಮನೆಗೆ ಹೊರಡುವ ದಿನ ಏಲಿಯಮ್ಮ ಅತ್ತುಬಿಟ್ಟಳು. ನಮ್ಮನ್ನು ಅಗಲುವ ದುಃಖ ಅಂದುಕೊಂಡೆವು. "ಇನ್ನು ಯಾರು ನನ್ನನ್ನು ಕೂರಿಸಿ ಊಟ ಕೊಡುದು?" ಎಂದಳು.

ಆ ಮಾತು ಮೂವರಿಗೂ ನಾಟಿತು. ನಮ್ಮ ಮನೆಗಳಲ್ಲಿ ಹೆಂಗಸರ ಊಟವೆಂದರೆ ಎಲ್ಲರದ್ದೂ ಮುಗಿದ ಮೇಲೆ, ತಣ್ಣಗಾದ ಅನ್ನ, ತಳದಲ್ಲಿ ಉಳಿದ ಸಾರು. ಹಾಗಾಗಿ ಪ್ರತಿ ವರ್ಷ ನನ್ನ ಹುಟ್ಟಿದ ದಿನ ನಮ್ಮ ಮನೆಯಲ್ಲಿ ಸೇರುವುದೆಂದು ಗೊತ್ತುಮಾಡಿದೆವು. ದೇವಕ್ಕ ಅಕ್ಕಿರೊಟ್ಟಿಯೂ ಕೋಳಿಸಾರೂ ಮಾಡುವುದು, ಏಲಿಯಮ್ಮ ಮರಗೆಣಸು ಬೇಯಿಸಿ, ಮಣ್ಣಿನ ಪಾತ್ರೆಯಲ್ಲಿ ಮೀನುಸಾರು ತರುವುದು, ಪಾಯಸ ನನ್ನದು. ಆ ದಿನ ನಮ್ಮವರಿಗೆ ಹೋಟೆಲೇ ಗತಿ. ತಂದದ್ದನ್ನೂ ಬಿಸಿ ಮಾಡಿ, ಒಲೆಯಿಂದ ಇಳಿಸಿದ ಹಾಗೇ ಎಲೆಗೆ ಬಡಿಸಿ ಮೂವರೂ ಕೂತು ಉಣ್ಣುತ್ತಿದ್ದೆವು. ವರ್ಷಕ್ಕೆ ಒಂದೇ ಒಂದು ಬಿಸಿ ಊಟ. ಅದಕ್ಕಾಗಿ ಏಲಿಯಮ್ಮ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕಡಬದಿಂದ ಪುತ್ತೂರಿಗೆ, ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸು ಬದಲಾಯಿಸಿ ಬರುತ್ತಿದ್ದಳು.

ನಲವತ್ತು ತುಂಬುವ ವರ್ಷ ನಮ್ಮವರ ನಾಲಗೆ ಸುಮ್ಮನಿರಲಿಲ್ಲ. ಅಂಗಡಿ ಜಗಲಿಯಲ್ಲಿ ಯುವಕ ಸಂಘದ ಕಾರ್ಯದರ್ಶಿ ಬಾಲಣ್ಣನ ಹತ್ತಿರ ಹೇಳಿಬಿಟ್ಟರು. ಬಾಲಣ್ಣ ಒಳ್ಳೆಯ ಹುಡುಗ, ಆದರೆ ಎಲ್ಲಿ ನಾಲ್ಕು ಜನ ಕಂಡರೂ ಅಲ್ಲಿ ಒಂದು ಸಭೆ ಕಾಣುವ ಜಾತಿ. ಅವನ ಸಂಘದವರು ಆ ವರ್ಷ ಮಹಿಳೆಯರಿಗಾಗಿ ಏನಾದರೂ ಮಾಡಬೇಕೆಂದು ಒದ್ದಾಡುತ್ತಿದ್ದರು. ನಾನು ಸಿಕ್ಕಿದೆ. ಶಾಲೆಗೆ ಹೇಗೂ ರಜೆ, ಸಭಾಂಗಣ ಖಾಲಿ. ಟೀಚರಕ್ಕನ ಹುಟ್ಟುಹಬ್ಬ, ಸನ್ಮಾನ, ಮಹಿಳಾ ಜಾಗೃತಿಯ ಸಭೆ, ಮೂರೂ ಒಟ್ಟಿಗೆ. ಆಗ ಸುಳ್ಯ ಪುತ್ತೂರು ತಾಲೂಕಿನೊಳಗೇ ಇತ್ತು, ಆದ್ದರಿಂದ ದೊಡ್ಡ ಅತಿಥಿಗಳು ಪುತ್ತೂರಿನಿಂದ ಬರಬೇಕು.

"ಆ ದಿನ ನನ್ನ ಗೆಳತಿಯರು ಬರ್ತಾರೆ, ನಮಗೆ ಊಟ ಉಂಟು" ಎಂದೆ.

"ಊಟದ ಚಿಂತೆ ನಮಗೂ ಇಲ್ಲ ಅಕ್ಕ, ನಿಮ್ಮ ಕೈ ಅಡುಗೆ ಉಂಟಲ್ಲ! ಅವರೂ ಬಂದ್ರೆ ನಿಮಗೆ ಕೈ ಸಹಾಯಕ್ಕೆ ಆಯ್ತು" ಎಂದ ಬಾಲಣ್ಣ.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ನನ್ನ ಸನ್ಮಾನಕ್ಕೆ ಬಂದವರಿಗೆ ನಾನೇ ಅಡುಗೆ ಮಾಡಬೇಕು! ತಮಾಷೆ ಇರಬಹುದೆಂದು ಮುಖ ನೋಡಿದೆ. ಪಾಪ, ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ, ಟೀಚರಕ್ಕ ಅಡುಗೆ ಮಾಡುತ್ತಾರೆ, ಅಷ್ಟೇ. ನಮ್ಮವರ ಕಡೆ ತಿರುಗಿದೆ. "ಒಪ್ಪಿ ಆಯ್ತಲ್ಲ ಮಾರಾಯ್ತಿ, ನನ್ನ ಮರ್ಯಾದೆ ಪ್ರಶ್ನೆ" ಎಂದರು. ಹುಟ್ಟಿದ್ದು ನಾನು, ಮರ್ಯಾದೆ ಅವರದ್ದು! ಬೇಡವೇ ಬೇಡ ಎಂದು ಎರಡು ದಿನ ಹಾರಾಡಿದೆ. ಅಷ್ಟರಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ಏಳು ಭಾಷಣಕಾರರ ಹೆಸರಿತ್ತು, ಏಳೂ ಗಂಡಸರದ್ದು. ಕೆಳಗೆ, ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಬೇಕೆಂಬ ವಿನಂತಿಯೂ ಇತ್ತು.

ಆ ದಿನ ಬೆಳಿಗ್ಗೆ ನಾವು ಮೂವರು ಶಾಲೆಯ ಹಿಂದೆ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಕೊಟ್ಟಿಗೆಯಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿದೆವು. ಸಭೆಯ ಅಧ್ಯಕ್ಷರು ಸಸ್ಯಾಹಾರಿಗಳಾದ್ದರಿಂದ ಕೋಳಿ ಇಲ್ಲ. ಎಳೆ ಹಲಸಿನ ಗುಜ್ಜೆ ಪಲ್ಯ, ಸೌತೆಕಾಯಿ ಹುಳಿ, ಸಾರು, ಗೇರುಬೀಜದ ಪಾಯಸ, ಹಪ್ಪಳ. ಏಲಿಯಮ್ಮನಿಗೆ ಮೊದಲೇ ತಿಳಿಸಲು ಆಗಿರಲಿಲ್ಲ, ಅವಳು ಎಂದಿನಂತೆ ಮೀನುಸಾರಿನ ಪಾತ್ರೆ ಹಿಡಿದುಕೊಂಡೇ ಬಸ್ಸಿಳಿದಿದ್ದಳು. ಬಾಲಣ್ಣ ಅದನ್ನು ನೋಡಿ ಹೌಹಾರಿದ. "ಅದರ ಮುಚ್ಚಳ ಮಾತ್ರ ತೆಗಿಬೇಡಿ ಅಕ್ಕ, ಸಭೆಗೆ ವಾಸನೆ ಹೋಗ್ತದೆ." ಏಲಿಯಮ್ಮ ಪಾತ್ರೆಯನ್ನು ಮೂಲೆಯಲ್ಲಿಟ್ಟು ಸೆರಗು ಸಿಕ್ಕಿಸಿ ತೆಂಗಿನಕಾಯಿ ತುರಿಯಲು ಕೂತಳು. ಅಷ್ಟು ದೂರದಿಂದ ಬಂದವಳನ್ನು ಊಟಕ್ಕೆ ಕರೆದು ಕೆಲಸಕ್ಕೆ ಕೂರಿಸಿದ ಹಾಗಾಯಿತು. ನಾಚಿಕೆಗೂ ಸಿಟ್ಟಿಗೂ ನನಗೆ ಅವಳ ಮುಖ ನೋಡಲಾಗಲಿಲ್ಲ.

ಕ್ರೋಧವು ರೌದ್ರರಸದ ಸ್ಥಾಯಿಭಾವ, ಕೆಂಗಣ್ಣು, ಹುಬ್ಬು ಗಂಟು, ಬೆವರು ಅದರ ಗುರುತು ಎಂದು ನಮ್ಮ ಲಾಕ್ಷಣಿಕರು ಬರೆದಿಟ್ಟಿದ್ದಾರೆ. ಅವರಲ್ಲಿ ಒಬ್ಬರೂ ಒಲೆ ಊದಿದವರಲ್ಲ. ಒಲೆಯ ಮುಂದೆ ಈ ಗುರುತುಗಳೆಲ್ಲ ದಿನಾ ಇರುತ್ತವೆ. ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪಾದದ್ದೋ, ಕೋಪಕ್ಕೆ ಕೆಂಪಾದದ್ದೋ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಎಷ್ಟೋ ಸಂಸಾರಗಳು ಉಳಿದಿರುವುದು ಈ ಹೊಗೆಯ ದಯೆಯಿಂದ.

ಸಭೆ ಸುರುವಾಯಿತು. ಕೊಟ್ಟಿಗೆಗೂ ಸಭಾಂಗಣಕ್ಕೂ ನಡುವೆ ಬರೀ ಬಿದಿರಿನ ತಟ್ಟಿ, ಮಾತೆಲ್ಲ ನೆಟ್ಟಗೆ ನಮ್ಮ ಕಿವಿಗೇ ಬೀಳುತ್ತಿತ್ತು. ಮೊದಲನೆಯವರು ನಾರಿಯನ್ನು ದೇವತೆ ಎಂದರು. ಎರಡನೆಯವರು ದೇವತೆ ಸಾಲದೆಂದು ಭೂಮಿ ಎಂದರು. ಮೂರನೆಯವರು ಗುಡುಗಿದರು: "ಹೆಣ್ಣು ಒಲೆಯ ಮುಂದಿನಿಂದ ಎದ್ದು ಬರಬೇಕು! ಮುಂದೆ ಬರಬೇಕು!" ಚಪ್ಪಾಳೆ ಬಿತ್ತು.

ದೇವಕ್ಕ ಅನ್ನ ಬಸಿಯುತ್ತಿದ್ದವಳು ತಲೆಯೆತ್ತಿದಳು. "ಈಗ ಎದ್ದ್ ಹೋದರೆ ಅನ್ನ ಮುದ್ದೆ ಆದೆ" ಎಂದಳು.

ನಾನು ಮಸಾಲೆಗೆ ಕೈ ಹಾಕಿದ್ದೆ. ರುಬ್ಬುಗುಂಡಿನ ಮೇಲೆ ನನ್ನ ಕೋಪವೆಲ್ಲ ಇತ್ತು, ಕಲ್ಲು ಗಡಗಡ ಎನ್ನುತ್ತಿತ್ತು. ಬಾಲಣ್ಣ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಓಡಿ ಬಂದ. "ಅಕ್ಕ, ಕಡೆಯುವ ಸದ್ದು ಸ್ವಲ್ಪ ಕಮ್ಮಿ ಮಾಡಿ. ಒಳಗೆ ಮಹಿಳೆಯರ ಬಗ್ಗೆ ಮಾತಾಡ್ತಾ ಇದ್ದಾರೆ."

"ಎಂಡೆ ಮಾತಾವೇ!" ಎಂದು ಏಲಿಯಮ್ಮ ಮೇರಿಮಾತೆಯನ್ನು ಕರೆದು ಹಣೆಗೆ ಕೈ ಹೊಡೆದುಕೊಂಡಳು. ನಗು ಬಂತಾ ಎಂದು ಕೇಳಬೇಡಿ. ಈಗ ಹೇಳುವಾಗ ನಗು ಬರುತ್ತದೆ. ಆಗ ಆ ಗುಂಡುಕಲ್ಲನ್ನು ಎತ್ತಿ ತಟ್ಟಿಯ ಆಚೆಗೆ ಎಸೆಯದೆ ಇದ್ದದ್ದು, ಅದು ಎತ್ತಲಾಗದಷ್ಟು ಭಾರ ಇತ್ತು ಎಂಬ ಒಂದೇ ಕಾರಣಕ್ಕೆ.

ಏಳನೆಯವರ ಭಾಷಣ ಮುಗಿಯುವಾಗ ಅಡುಗೆಯೂ ಮುಗಿದಿತ್ತು. ಸನ್ಮಾನದ ಘೋಷಣೆಯಾಯಿತು. ಈಗ ಕರೆಯುತ್ತಾರೆ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕೈ ತೊಳೆದು ಮುಖ ಒರೆಸಿಕೊಂಡೆ. ದೇವಕ್ಕ ನನ್ನ ಕೂದಲಿಗೆ ಅಂಟಿದ ಬೂದಿ ತೆಗೆದಳು. ಅಷ್ಟರಲ್ಲಿ ಮೈಕು ಹೇಳಿತು: "ಟೀಚರಕ್ಕ ಅಡುಗೆಯ ಕೆಲಸದಲ್ಲಿ ಇರುದರಿಂದ, ಅವರ ಪರವಾಗಿ ಅವರ ಯಜಮಾನರು ಸನ್ಮಾನ ಸ್ವೀಕರಿಸಬೇಕಾಗಿ ವಿನಂತಿ."

ತಟ್ಟಿಯ ಸಂದಿಯಿಂದ ನೋಡಿದೆ. ನಮ್ಮವರು ಕೈಮುಗಿದು ನಗುತ್ತಾ ವೇದಿಕೆ ಹತ್ತಿದರು. ಕೊರಳಿಗೆ ಹಾರ ಬಿತ್ತು. ಹೆಗಲಿಗೆ ಶಾಲು ಬಿತ್ತು. ಆ ಶಾಲು ನಮ್ಮದೇ ಅಂಗಡಿಯದ್ದು! ಹೋದ ಮಳೆಗಾಲದಲ್ಲಿ ಅದರ ಮಡಿಕೆಗೆ ನುಸಿಗುಳಿಗೆ ಇಟ್ಟವಳು ನಾನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಹುಟ್ಟಿದ್ದಕ್ಕೆ ಅವರಿಗೆ ಅಭಿನಂದನೆ.

ತಿರುಗಿ ನೋಡಿದರೆ ಏಲಿಯಮ್ಮ ಸೌದೆ ರಾಶಿಗೆ ಒರಗಿ ಕೂತಿದ್ದಳು, ದಣಿದು ಮುಖ ಬಾಡಿತ್ತು. ದೇವಕ್ಕ ಅತಿಥಿಗಳಿಗೆಂದು ಎಲೆ ಒರೆಸುತ್ತಿದ್ದಳು. ಇನ್ನು ಆ ಪಂಕ್ತಿ, ಅದರ ನಂತರದ ಪಂಕ್ತಿ, ಮಕ್ಕಳ ಪಂಕ್ತಿ. ನಮಗೆ ತಣ್ಣಗಿನ ತಳ. ಏಲಿಯಮ್ಮನಿಗೆ ಅಷ್ಟರಲ್ಲಿ ಬಸ್ಸು.

"ದೇವಕ್ಕ, ಮೂರು ಎಲೆ ಹಾಕು" ಎಂದೆ.

"ಯಾರಿಗೆ?"

"ನಮಗೆ."

"ಅಯ್ಯೋ, ದೊಡ್ಡವ್ರೆಲ್ಲ ಉಂಬಕ್ಕೆ ಮೊದ್ಲಾ? ಜನ ಏನ್ ಹೇಳುವೊ?" ದೇವಕ್ಕನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ನನಗೂ ಆಗಿತ್ತು, ಸುಳ್ಳು ಯಾಕೆ. ಗಂಡಸರು ಕೂರುವ ಮೊದಲು ಹೆಂಗಸರು ಎಲೆ ಹಾಕಿ ಕೂರುವುದನ್ನು ನಾನೂ ಕಂಡವಳಲ್ಲ. ಏಲಿಯಮ್ಮ ಮಾತ್ರ ಎದ್ದು ಹೋಗಿ ಮೂಲೆಯ ಪಾತ್ರೆ ತಂದಳು, ನಡುವೆ ಇಟ್ಟಳು, ಮುಚ್ಚಳ ತೆಗೆದಳು. ಆಹಾ, ಆ ಹುಳಿ, ಆ ಖಾರ! ತಟ್ಟಿಯ ಆಚೆ ವಂದನಾರ್ಪಣೆ ಮಾಡುತ್ತಿದ್ದವರು ಒಂದು ಹೆಸರು ಹೇಳಿ ಮುಂದಿನದು ಮರೆತರು. ನಾವು ಕೂತೆವು. ಹಬೆಯಾಡುವ ಅನ್ನ ಬಡಿಸಿಕೊಂಡೆವು.

ಬಾಲಣ್ಣ ಬಂದು ಬಾಗಿಲಲ್ಲೇ ನಿಂತ. "ಅಕ್ಕಾ, ಎಂತ ಇದು?"

"ಊಟ."

"ಅಲ್ಲ, ಅತಿಥಿಗಳು ಕಾಯ್ತಾ ಇದ್ದಾರೆ..."

"ಕಾಯ್ಲಿ. ಇನ್ನೊಂದು ಭಾಷಣ ಮಾಡ್ಲಿ. ಮಹಿಳೆಯರ ಬಗ್ಗೆ ಹೇಳ್ಲಿಕ್ಕೆ ಇನ್ನೂ ಇರಬಹುದು."

ಅವನು ಓಡಿಹೋಗಿ ನಮ್ಮವರನ್ನು ಕರೆತಂದ. ಶಾಲು ಹೊದ್ದು, ಹಾರ ಹಾಕಿಕೊಂಡೇ ಬಂದರು. ಬಯ್ಯಲು ಬಾಯಿ ತೆರೆದರು. ನಾನು ಅವರನ್ನು ನೋಡಿದೆ. ಏನು ಕಂಡಿತೋ, ಬಾಯಿ ಮುಚ್ಚಿತು. ಉಣ್ಣುತ್ತಾ ಕೂತವರು ನಡುವೆ ಏಳುವಂತಿಲ್ಲ, ಎದ್ದರೆ ಊಟ ಮುಗಿದ ಹಾಗೆ. ದೇವಕ್ಕನ ಎಲೆಯಲ್ಲಿ ಸಾರು ಮುಗಿದಿತ್ತು.

"ದೇವಕ್ಕನಿಗೆ ಸಾರು ಬಡಿಸಿ" ಎಂದೆ.

ಅವರು ಸುತ್ತ ನೋಡಿದರು. "ಸೌಟು ಎಲ್ಲುಂಟು?"

ಸೌಟು ಅವರ ಮೂಗಿನ ಕೆಳಗೇ ಇತ್ತು. ಬಗ್ಗಿದಾಗ ಹಾರ ಸಾರಿಗೆ ಮುಳುಗುವಂತಾಯಿತು, ತೆಗೆದು ಗೂಟಕ್ಕೆ ಸಿಕ್ಕಿಸಿದರು. ದೇವಕ್ಕನಿಗೆ ಬಡಿಸಿದರು, ಏಲಿಯಮ್ಮನಿಗೆ ಬಡಿಸಿದರು. ದೇವಕ್ಕ ತಲೆ ತಗ್ಗಿಸಿ ಉಂಡಳು, ಕಣ್ಣು ಒದ್ದೆಯಾಗಿತ್ತು. ಒಲೆ ಆಗ ಆರಿತ್ತು, ಹೊಗೆ ಇರಲಿಲ್ಲ.

ಆಮೇಲೆ ನನ್ನ ಎಲೆಯ ಹತ್ತಿರ ಬಂದರು. ನಾನು ಬೇಡವೆನ್ನಲಿಲ್ಲ. ಬಡಿಸಿದರು. ಬಡಿಸಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ, ಸೌಟು ಹಿಡಿದು ಬದಿಯಲ್ಲಿ ನಿಂತರು. ಮೆಲ್ಲಗೆ ಕೇಳಿದರು:

"ಉಪ್ಪು ಸರಿ ಉಂಟಾ?"

ಮದುವೆಯಾದ ದಿನದಿಂದ, ಬಡಿಸಿ ಬದಿಯಲ್ಲಿ ನಿಂತು ದಿನಾ ನಾನು ಕೇಳುತ್ತಾ ಬಂದ ಪ್ರಶ್ನೆ ಅದು. ಅದಕ್ಕೆ ಉತ್ತರ ಹೇಗೆ ಕೊಡುವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎಲೆಯಿಂದ ತಲೆಯೆತ್ತದೆ "ಹೂಂ" ಎಂದೆ.