ಮಂತ್ರಿಗಳ ಕಾರ್ಖಾನೆ

ಮೈಕ್ ಕೈಗೆ ಸಿಕ್ಕರೆ ಸಾಕು, ಮಂತ್ರಿಗಳು ಊರಿಗೊಂದು ಕಾರಿನ ಕಾರ್ಖಾನೆ ತಂದ ಮೇಲೇ ಅದನ್ನು ಕೆಳಗಿಡುತ್ತಾರೆ. ಕಂಪನಿ ಹೊಸ ಕಾರು ಬಿಟ್ಟರೆ ಅದು ಅವರ ಸಲಹೆ, ಬಣ್ಣ ಬದಲಿಸಿದರೆ ಅದೂ ಅವರದೇ. "ಒಂದೇ ಒಂದು ಫೋನ್ ಮಾಡ್ದೆ, ಮಾಲೀಕರು ಎದ್ದು ನಿಂತ್ಕೊಂಡು ಮಾತಾಡಿದ್ರು!" ಎಂದು ಅವರು ಗುಡುಗಿದಾಗಲೆಲ್ಲ, ಫೋನಿನಲ್ಲಿ ಅದು ಹೇಗೆ ಕಂಡಿತಪ್ಪಾ ಎಂದು ಅವರ ಡ್ರೈವರ್ ಬೆರಗಾಗುತ್ತಾನೆ. ಕಾರ್ಖಾನೆಯ ಬಗ್ಗೆ ನಾವಿನ್ನೂ ಏನೂ ತೀರ್ಮಾನಿಸಿಲ್ಲ ಎಂದು ಕಂಪನಿಯವರು ಪತ್ರಿಕೆಯಲ್ಲಿ ಹೇಳಿದರೆ, "ಸಂಕೋಚ ಕಣಯ್ಯ ಅವ್ರಿಗೆ" ಎಂದು ನಗುತ್ತಾರೆ. ಅಂಥ ದಿನ ಸಂಜೆ ಮಾತ್ರ ಕಾರನ್ನು ಕಾರ್ಖಾನೆಗೆಂದು ತಾವೇ ಗೊತ್ತುಮಾಡಿದ ಊರಾಚೆಯ ಬಯಲಿಗೆ ತಿರುಗಿಸಲು ಹೇಳುತ್ತಾರೆ. ಅಲ್ಲಿ ಬೇಲಿಯಿಲ್ಲ, ಗೋಡೆಯಿಲ್ಲ; ಆದರೂ ಅಡ್ಡ ಹಾಯದೆ ದೊಡ್ಡ ಸುತ್ತು ಹಾಕಿ, "ಗೇಟು ಈ ಕಡೆ ಬರುತ್ತೆ" ಎಂದು ಅಲ್ಲಿಂದಲೇ ಒಳಹೋಗುತ್ತಾರೆ. ಹಿಂದೆಯೇ ಡ್ರೈವರೂ ಅದೇ ಗೇಟಿನಿಂದ ಒಳಗೆ ಕಾಲಿಡುತ್ತಾನೆ. ಅವನ ಮಗಳು ಅಲ್ಲಿಯ ಕೆಲಸಕ್ಕೆಂದೇ ವೆಲ್ಡಿಂಗ್ ಕಲಿಯುತ್ತಿದ್ದಾಳೆ.